ಕಡಲ ಕಡೆಯ ಬಾಗಿಲಲ್ಲಿ ಇಳಿದ ನೀಲವ್ವ

ನಂಬದವರು ಇಲ್ಲಿಗೇ ಎದ್ದು ಹೋಗಿ. ನಿಮ್ಮನ್ನು ನಂಬಿಸಿ ನನಗೆ ಆಗಬೇಕಾದದ್ದು ಏನೂ ಇಲ್ಲ. ಈ ಸಂಗತಿ ಕೇಳಿ ನಕ್ಕವರನ್ನು ಬಹಳ ನೋಡಿದ್ದೇನೆ. "ಅವತ್ತ ಕುಡದಿದ್ದಿ ಏನೋ?" ಎಂದು ಕೇಳಿದ ಸ್ವಂತ ಷಡ್ಡಕನ ಜೊತೆ ಇವತ್ತಿಗೂ ನನಗೆ ಮಾತಿಲ್ಲ. ನಾನು ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಆ ರಾತ್ರಿ ನನಗೆ ಜ್ವರವಿರಲಿಲ್ಲ, ನಿದ್ದೆಗಣ್ಣೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಸಿಂದಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಹೆಂಡತಿ ಶಾಂತಾ ಇಂಡಿ ತಾಲೂಕಿನ ತಾಂಬಾದವಳು. ಅವಳ ತಮ್ಮ ಮುಂಬೈಯ ಗಿರಣಿಯಲ್ಲಿ ಕೆಲಸಕ್ಕಿದ್ದ. ದೀಪಾವಳಿ ಮುಗಿಸಿಕೊಂಡು ಅವನ ಮನೆಗೆ ಹೋಗಿ ಕೆಲವು ದಿನ ಇದ್ದೆವು. ಹೊರಡುವಾಗ ಅವನೇ ಆಸೆ ಹಚ್ಚಿದ.

"ಮಾಮಾ, ಬಂದ ರೈಲಿಗೇ ಯಾಕ ಹೋಗ್ತೀರಿ? ಇಲ್ಲಿಂದ ಗೋವಾಕ್ಕ ಬೋಟ ಐತಿ. ಒಂದ ಹಗಲು, ಒಂದ ರಾತ್ರಿ. ದಂಡಿ ಹಿಡದ ಹೋಗ್ತೈತಿ. ಗುಡ್ಡ, ಕ್ವಾಟಿ, ತೆಂಗಿನ ಗಿಡ, ಎಲ್ಲಾ ಕಾಣ್ತಾವ. ಅಕ್ಕನೂ ಸಮುದ್ರ ನೋಡ್ಲಿ. ಅಲ್ಲಿಂದ ಹುಬ್ಬಳ್ಳಿ ಮ್ಯಾಲೆ ಬಸ್ಸಿಗೆ ಊರು ಮುಟ್ರಿ."

ಹಾಗೆ ನಾವು ಆ ಹಡಗು ಹತ್ತಿದೆವು.

ದೊಡ್ಡ ಹಡಗಲ್ಲ. ಎರಡೇ ಅಂತಸ್ತು. ಕೆಳಗಿನ ಅಂತಸ್ತು ನೀರಿಗೆ ಎಷ್ಟು ಹತ್ತಿರವೆಂದರೆ ಅಲೆ ಎದ್ದರೆ ತುಂತುರು ಮುಖಕ್ಕೆ ಹೊಡೆಯುತ್ತಿತ್ತು. ನಾವು ಮೇಲಿನ ಅಂತಸ್ತಿನ ಬಯಲಲ್ಲಿ ಚಾಪೆ ಹಾಸಿದೆವು. ಎಂಜಿನ್ ಎಣ್ಣೆ, ಕರಿದ ಮೀನು, ಬೀಡಿ, ಉಪ್ಪುಗಾಳಿ ಎಲ್ಲ ಕಲೆತ ವಾಸನೆ. ಎಡಗಡೆಗೆ ದಂಡೆ ಜೊತೆಜೊತೆಗೇ ಬರುತ್ತಿತ್ತು. ಹಸಿರು ಗುಡ್ಡ, ಅದರ ನೆತ್ತಿಯ ಮೇಲೆ ಹಾಳು ಕೋಟೆ, ಕೆಳಗೆ ಬಿಳಿ ಮರಳಿನ ಗೆರೆ. ಬಲಗಡೆ ಏನೂ ಇಲ್ಲ... ಬರೀ ನೀರು, ಆಕಾಶದ ತನಕ. ಬಯಲುಸೀಮೆಯವರು ನಾವು. ಶಾಂತಾ ವಾಂತಿ ಮಾಡಿಕೊಳ್ಳುತ್ತಲೇ ನೋಡುತ್ತಿದ್ದಳು, ನೋಡುತ್ತಲೇ ನಗುತ್ತಿದ್ದಳು.

"ಇಷ್ಟ ನೀರ ಐತಿ, ದನಕ್ಕ ಕುಡಸಾಕ ಬರಂಗಿಲ್ಲಲ್ಲವಾ ತಂಗಿ!"

ಪಕ್ಕದಿಂದ ಬಂದ ಮಾತು. ತಿರುಗಿ ನೋಡಿದರೆ ಇಳಕಲ್ ಸೀರೆಯ ಒಬ್ಬ ಮುದುಕಿ. ನಮ್ಮ ಮಾತು ಕಿವಿಗೆ ಬಿದ್ದದ್ದೇ ತಡ, ಗಂಟು ಎಳೆದುಕೊಂಡು ನಮ್ಮ ಚಾಪೆಯ ಅಂಚಿಗೆ ಬಂದು ಕೂತಿದ್ದಳು. ಅಷ್ಟು ದೂರದಲ್ಲಿ ನಮ್ಮ ಕಡೆಯ ಮಾತು ಕೇಳಿ ನನಗೂ ಜೀವ ಬಂದ ಹಾಗಾಯಿತು.

ಹೆಸರು ನೀಲವ್ವ. ಬಸವನ ಬಾಗೇವಾಡಿ ತಾಲೂಕಿನ ಮಸೂತಿ ಊರು. ಮುಂಬೈಯ ಬಂದರಿನಲ್ಲಿ ಮೂಟೆ ಹೊರುವ ಅವರೂರಿನ ಒಬ್ಬಾತ, ದೀಪಾವಳಿಗೆ ಊರಿಗೆ ಬಂದವನು, ತನ್ನ ಜೊತೆ ಕರೆತಂದು ಅವಳನ್ನು ಒಂಟಿಯಾಗಿ ಹಡಗು ಹತ್ತಿಸಿದ್ದ. ನಡುದಾರಿಯ ಒಂದು ಸಣ್ಣ ಬಂದರಿನಲ್ಲಿ ಅವಳು ಇಳಿಯಬೇಕಿತ್ತು. ಆ ಬಂದರಿನ ಹೆಸರು ಇಲ್ಲಿ ಬೇಡ.

"ಅಲ್ಲಿ ಯಾರ ಇದಾರ, ಆಯಿ?" ಎಂದು ಕೇಳಿದೆ.

"ನನ್ನ ಸಣ್ಣ ಮಗ, ಸಂಗಪ್ಪ. ಲಾಂಚಿನ ಮ್ಯಾಲೆ ಕೆಲಸಕ್ಕ ಅದಾನ. ಮೂರ ವರ್ಷ ಆತು ಮಾರಿ ನೋಡಿ. ಈಗ ತಾನ ಕರಸ್ಯಾನ, ನೋಡಪಾ."

ಸೆರಗಿನ ಗಂಟು ಬಿಚ್ಚಿ ಒಂದು ಅಂಚೆ ಕಾರ್ಡು ಕೊಟ್ಟಳು. ಊರ ಮಾಸ್ತರ ಓದಿ ಹೇಳಿದ್ದನಂತೆ. ಆದರೂ ಇನ್ನೊಮ್ಮೆ ಕೇಳುವ ಆಸೆ. ನಾನು ಓದಿದೆ. ಪೆನ್ಸಿಲಿನಲ್ಲಿ ಬರೆದ ದಪ್ಪ ಕನ್ನಡ ಅಕ್ಷರ. 'ಅವ್ವಾ, ಬೋಟ ಹತ್ತಿ ಬಾ. ರಾತ್ರಿ ಬೋಟ ನಿಂತಾಗ ನಾನ ಬಂದು ಇಳಿಸ್ಕೋತೇನಿ. ಅಂಜಬ್ಯಾಡ.' ಅಷ್ಟೇ. ಅಂಚೆಯ ಮುದ್ರೆ ನೀರು ಬಿದ್ದು ಕಲಸಿಹೋಗಿತ್ತು. ಎಲ್ಲಿಂದ ಹಾಕಿದ್ದೆಂದು ತಿಳಿಯಲಿಲ್ಲ.

ಓದಿ ಮುಗಿಸಿದರೆ ಮುದುಕಿ ಕಣ್ಣು ಮುಚ್ಚಿ ಕೂತಿದ್ದಳು. "ಅಂಜಬ್ಯಾಡ ಅಂದಾನಲ್ಲಾ... ಸಣ್ಣಾಂವ ಇದ್ದಾಗ ತಾನ ಕತ್ತಲಿಗೆ ಅಂಜತಿದ್ದ."

ಮಧ್ಯಾಹ್ನ ಮೂವರೂ ಒಟ್ಟಿಗೆ ಉಂಡೆವು. ಅವಳ ಗಂಟಿನಲ್ಲಿ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ. ಮಗನಿಗೆಂದು ಕಟ್ಟಿಕೊಂಡು ಹೊರಟದ್ದು. ನಾವು ಬೇಡವೆಂದರೂ ಶಾಂತಾಳ ಕೈಗೆ ಎರಡು ರೊಟ್ಟಿ ತುರುಕಿದಳು. ಸಂಗಪ್ಪನ ಹೆಂಡತಿ ಕಸ್ತೂರೆವ್ವ ಮಸೂತಿಯಲ್ಲೇ ಇದ್ದಳು. ದೊಡ್ಡ ಮಗ ಮಲ್ಲಪ್ಪ ಹೊಲ ನೋಡಿಕೊಂಡಿದ್ದ. ಇದೆಲ್ಲ ಅವಳೇ ಹೇಳಿದ್ದು.

ರಾತ್ರಿಯಾಯಿತು. ಮೋಡ ಕವಿದು ಚುಕ್ಕೆಯೂ ಕಾಣದ ಕತ್ತಲು. ದಂಡೆ ಎಲ್ಲಿದೆ, ನೀರು ಎಲ್ಲಿದೆ ಗೊತ್ತಾಗುತ್ತಿರಲಿಲ್ಲ. ಜನ ಅಲ್ಲಲ್ಲೇ ಮುದುರಿ ಮಲಗಿದ್ದರು. ನೀಲವ್ವ ಮಾತ್ರ ಗಂಟು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಒಂಟಿ ಮುದುಕಿ, ಭಾಷೆ ಬಾರದವಳು... ಇಳಿಸುವ ತನಕ ಎಚ್ಚರವಿರೋಣ ಎಂದು ನಾವೂ ಕೂತೆವು.

ಯಾವಾಗಲೋ ಎಂಜಿನ್ ನಿಂತಿತು. ಇಡೀ ದಿನ ಕಿವಿಯಲ್ಲಿದ್ದ ಸದ್ದು ಒಮ್ಮೆಲೇ ಇಲ್ಲವಾಯಿತು. ಹಡಗು ಭೋಂಗಾ ಊದಿತು.

ಅಂಥ ಸಣ್ಣ ಬಂದರುಗಳಲ್ಲಿ ಹಡಗು ದಂಡೆಗೆ ಹೋಗುತ್ತಿರಲಿಲ್ಲ. ದೂರ ನೀರಿನಲ್ಲೇ ನಿಲ್ಲುತ್ತಿತ್ತು. ದಂಡೆಯಿಂದ ನಾವೆಗಳು ಬಂದು ಇಳಿಯುವವರನ್ನು ಕರೆದೊಯ್ಯುತ್ತಿದ್ದವು. ಎಡಗಡೆ ಕತ್ತಲಲ್ಲಿ ನಾಲ್ಕೈದು ಕಂದೀಲು ತೂಗಾಡುತ್ತ ಬಂದವು. ಮರಾಠಿಯಲ್ಲಿ ಕೂಗಾಟ, ಹುಟ್ಟಿನ ಸಪ್ಪಳ.

ನಾನು ಗಂಟು ಎತ್ತಿಕೊಂಡೆ. ಶಾಂತಾ ಮುದುಕಿಯ ಕೈ ಹಿಡಿದಳು. ಕೆಳಗಿನ ಅಂತಸ್ತಿಗೆ ಇಳಿದರೆ ಎಡಗಡೆಯ ಬಾಗಿಲಲ್ಲಿ ನೂಕುನುಗ್ಗಲು. ಬಿಳಿ ಅಂಗಿಯ ಹಡಗಿನ ಸಾಹೇಬನೊಬ್ಬ ಟಿಕೆಟ್ ಇಸಿದುಕೊಳ್ಳುತ್ತ ಎಲ್ಲರನ್ನೂ ಬೈಯುತ್ತಿದ್ದ. ಮುದುಕಿಗೆ ದಾರಿ ಬಿಡು ಎಂದರೆ ನನ್ನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ. ಆ ಕೈಯ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆಗ ನೀಲವ್ವ ನನ್ನ ತೋಳು ಜಗ್ಗಿದಳು.

"ತಮ್ಮಾ, ಈ ಕಡಿ ಅಲ್ಲೋ. ಆ ಕಡಿ ಬಂದಾನ."

"ಆ ಕಡಿ ಸಮುದ್ರ ಐತಿ, ಆಯಿ."

"ಕರಿಯಾಕತ್ತಾನಲ್ಲಾ... ಕೇಳವಲ್ದೇನ?"

ಕೇಳಿದೆ. ಆಣೆ ಮಾಡಿ ಹೇಳುತ್ತೇನೆ, ಕೇಳಿದೆ. ಅಷ್ಟು ಗದ್ದಲದ ಆಚೆಯಿಂದ, ಬಲಗಡೆಯ ಕತ್ತಲಿನಿಂದ, ಮೆತ್ತಗೆ... "ಅವ್ವಾ..."

ಬಲಗಡೆಗೂ ಅಂಥದೇ ಒಂದು ಬಾಗಿಲು. ಹಗಲಲ್ಲಿ ಅದಕ್ಕೆ ಸರಪಳಿ ಹಾಕಿದ್ದನ್ನು ನಾನೇ ನೋಡಿದ್ದೆ. ಈಗ ಸರಪಳಿ ಬಿಚ್ಚಿ ಜೋತುಬಿದ್ದಿತ್ತು. ಅಲ್ಲಿ ಒಬ್ಬನೇ ಒಬ್ಬ ಮನುಷ್ಯನಿಲ್ಲ, ದೀಪವಿಲ್ಲ. ಬಗ್ಗಿ ನೋಡಿದರೆ ಕೆಳಗೊಂದು ನಾವೆ. ಕಪ್ಪಗೆ. ಕಂದೀಲಿಲ್ಲ. ಅಲೆಗೆ ಹಡಗೇ ಅಲುಗುತ್ತಿತ್ತು, ಆ ನಾವೆ ಅಲುಗುತ್ತಿರಲಿಲ್ಲ. ಅದರಲ್ಲಿ ಒಬ್ಬ ನಿಂತಿದ್ದ. ಆಕಾರ ಕಂಡಿತು, ಮುಖ ಕಾಣಲಿಲ್ಲ.

"ಸಂಗ್ಯಾ... ನೀನೇನೋ?" ಮುದುಕಿ ಕತ್ತಲಿಗೆ ಬಗ್ಗಿ ಕೇಳಿದಳು.

"ಹೂನವಾ. ಹುಷಾರ. ಕಾಲ ಇಲ್ಲಿಡು."

ನಮ್ಮದೇ ಮಾತು. ಅನುಮಾನಪಡಲು ಏನಿತ್ತು? ಮಗ ಬರುತ್ತೇನೆಂದು ಬರೆದಿದ್ದ, ಬಂದಿದ್ದ. ಟಿಕೆಟ್ಟಿನವನ ಕಣ್ಣು ತಪ್ಪಿಸಿ ಈ ಕಡೆ ಬಂದಿರಬೇಕು ಎಂದುಕೊಂಡೆ. ಮುದುಕಿಯ ಎರಡೂ ರಟ್ಟೆ ಹಿಡಿದು ನಾನೇ ಕೆಳಗಿಳಿಸಿದೆ. ನಾನೇ... ಈ ಕೈಯಿಂದಲೇ.

"ಗಂಟ ಕೊಡ್ರಿ, ಅಣ್ಣಾರ," ಎಂದು ಕೆಳಗಿನಿಂದ ಒಂದು ಕೈ ಬಂತು. ಗಂಟು ಕೊಡುವಾಗ ಆ ಕೈ ನನ್ನ ಅಂಗೈಗೆ ತಗುಲಿತು. ಬಾವಿಯ ತಳದ ಕಲ್ಲಿನಷ್ಟು ತಣ್ಣಗೆ.

ಶಾಂತಾ ನನ್ನ ಬೆನ್ನ ಹಿಂದೆಯೇ ಇದ್ದಳು. ಪಿಸುಗುಟ್ಟಿದಳು: "ರೀ... ಮಣ್ಣಿನ ವಾಸನಿ ಯಾಕ ಬರಾಕತ್ತೇತ್ರಿ?"

ಹೌದು. ಮೀನಿನದಲ್ಲ, ಉಪ್ಪಿನದಲ್ಲ. ಮೊದಲ ಮಳೆ ಬಿದ್ದ, ನಮ್ಮ ಕಡೆಯ ಕಪ್ಪು ಎರಿ ಹೊಲದ ವಾಸನೆ. ಕಡಲ ನಡುವೆ.

ನಾವೆ ಸರಿಯಿತು. ಹುಟ್ಟು ಹಾಕಿದ ಸದ್ದಿಲ್ಲ, ನೀರು ಸೀಳಿದ ಸದ್ದಿಲ್ಲ. ದಂಡೆಯ ದೀಪಗಳೆಲ್ಲ ಆ ಕಡೆ, ನಮ್ಮ ಬೆನ್ನಿಗೆ. ಈ ನಾವೆ ಹೊರಟದ್ದು ಈ ಕಡೆ... ಏನೂ ಇಲ್ಲದ ಕಡೆ.

"ಆಯಿ!" ಎಂದು ಕೂಗಿದೆ. "ಏ ಸಂಗಪ್ಪಾ! ದಂಡಿ ಆ ಕಡಿ ಐತಿ! ಎತ್ತಾಗ ಹೊಂಟೀಯೋ?"

"ಬರ್ತೇನಿ ತಮ್ಮಾ..." ಎಂಬ ಮುದುಕಿಯ ಧ್ವನಿ ಬಂತು. ಅಂಜಿಕೆಯೇ ಇಲ್ಲದ ಧ್ವನಿ. ಆಗಲೇ ಬಹಳ ದೂರ ಹೋಗಿದ್ದಳು. ಅಷ್ಟು ಹೊತ್ತಿನಲ್ಲಿ ಯಾವ ನಾವೆಯೂ ಅಷ್ಟು ದೂರ ಹೋಗಲಾರದು.

ಓಡಿದೆ. ಬಿಳಿ ಅಂಗಿಯವನನ್ನು ಹಿಡಿದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ದೊಡ್ಡ ದೀಪ ಆ ಕಡೆ ತಿರುಗಿಸು, ಹಡಗು ನಿಲ್ಲಿಸು, ಮುದುಕಿ ಕಡಲಿನೊಳಗೆ ಹೋದಳು ಎಂದೆ. ಅವನು ಆಕಳಿಸಿದ. ಹೌದು, ಆಕಳಿಸಿದ! ಆ ಕಡೆಗೆ ನಾವೆ ಬರುವುದೇ ಇಲ್ಲ ಎಂದ. ಎಷ್ಟು ಕುಡಿದಿದ್ದೀ ಎಂದ. ಹೋಗಿ ಮಲಗು ಎಂದ.

ನಾನು ಅವನ ಕೊರಳಪಟ್ಟಿ ಹಿಡಿದೆ. ಎಳೆದುಕೊಂಡು ಬಲಗಡೆಯ ಬಾಗಿಲಿಗೆ ಬಂದೆ. "ನೋಡು, ಸರಪಳಿ ಬಿಚ್ಚೇತಿ!" ಎಂದು ಕನ್ನಡದಲ್ಲೇ ಒದರಿದೆ.

ಸರಪಳಿ ಹಾಕಿತ್ತು. ತುಕ್ಕು ಹಿಡಿದ ಕೊಂಡಿ ಎಷ್ಟೋ ದಿನದಿಂದ ಮುಟ್ಟದ ಹಾಗೆ ಬಿಗಿದುಕೊಂಡಿತ್ತು.

ಖಲಾಸಿಗಳು ಬಂದು ನನ್ನನ್ನು ಬಿಡಿಸಿದರು. ಮಲಗಿದ್ದ ಜನ ಎದ್ದು ಸುತ್ತ ನಿಂತು ನಕ್ಕರು. ಭೋಂಗಾ ಊದಿತು, ಎಂಜಿನ್ ಶುರುವಾಯಿತು. ಐದು ನಿಮಿಷ... ಬರೀ ಐದು ನಿಮಿಷ ದೀಪ ಹಾಕಿ ನೋಡಿದ್ದರೆ ಅವನ ಗಂಟು ಏನು ಹೋಗುತ್ತಿತ್ತು?

ಮೇಲೆ ಬಂದು ದೀಪದ ಕೆಳಗೆ ಕೂತಾಗ ಶಾಂತಾ ನನ್ನ ಕೈ ನೋಡಿ ಹೌಹಾರಿದಳು. ನನ್ನ ಬಲ ಅಂಗೈಗೆ ಎರಿ ಮಣ್ಣು ಮೆತ್ತಿಕೊಂಡಿತ್ತು. ಹಸಿ, ಕಪ್ಪು, ಅಂಟು ಮಣ್ಣು. ಹುಟ್ಟಿದಾಗಿನಿಂದ ತುಳಿದ ಮಣ್ಣು, ನನಗೆ ಗುರುತು ಸಿಗುವುದಿಲ್ಲವೆ? ಅವಳು ಕುಡಿಯುವ ನೀರು ಸುರಿದು ಸುರಿದು ತೊಳೆದಳು.

ಪಣಜಿಯಲ್ಲಿ ಇಳಿದವನೇ ಬಂದರಿನ ಕಚೇರಿಗೆ ಹೋದೆ. ಆ ಸಣ್ಣ ಬಂದರಿನಲ್ಲಿ ಇಳಿಯಬೇಕಾದವರ ಟಿಕೆಟ್ ಎಲ್ಲ ಬಂದಿವೆ, ಲೆಕ್ಕ ಸರಿಯಿದೆ, ಮುದುಕಿಯದೂ ಬಂದಿದೆ, ಮತ್ತೇನು ಬೇಕು ಎಂದು ಗುಮಾಸ್ತ ಕೇಳಿದ. ಅವಳು ಟಿಕೆಟ್ ಕೊಟ್ಟೇ ಇಲ್ಲವಲ್ಲ, ಆ ಬಾಗಿಲಿಗೆ ಹೋಗಲೇ ಇಲ್ಲವಲ್ಲ ಎಂದೆ. ಅವನು ಕಿಟಕಿ ಮುಚ್ಚಿದ. ಪೊಲೀಸರು ಅದು ನಮ್ಮ ಹದ್ದಲ್ಲ ಎಂದರು. ಒಬ್ಬ ಮುದುಕಿ ಕಣ್ಣೆದುರಿಗೆ ಇಲ್ಲವಾದರೆ ಅದು ಯಾರ ಹದ್ದಿನ ಮಾತೂ ಅಲ್ಲ, ಅಷ್ಟೇ.

ಊರಿಗೆ ಬಂದರೂ ಅನ್ನ ಸೇರಲಿಲ್ಲ. ಶಾಂತಾ "ಆ ಮಾತ ತಗೀಬ್ಯಾಡ್ರಿ" ಎಂದು ಕೈ ಮುಗಿದಳು. ಆದರೆ ಹೇಳದೆ ಬಿಡುವುದು ಹೇಗೆ? ಹತ್ತು ದಿನದ ಮೇಲೆ ರಜೆ ಹಾಕಿ ಮಸೂತಿಗೆ ಹೋದೆ.

ಮಲ್ಲಪ್ಪ ಎತ್ತುಗಳಿಗೆ ಮೇವು ಹಾಕುತ್ತಿದ್ದ. ನಲವತ್ತರ ಗಟ್ಟಿ ಮನುಷ್ಯ. "ನಿಮ್ಮವ್ವನ ಜೋಡಿ ಬೋಟನ್ಯಾಗ ಬಂದಿದ್ದೆ," ಎಂದು ಶುರುಮಾಡಿದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು. ಒಳಗಿನಿಂದ ಬಳೆ ಸದ್ದಾಯಿತು. ಅವನು ನನ್ನ ಕೈ ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋದ.

ಎಲ್ಲ ಹೇಳಿದೆ. ಕೇಳಿ ಅಲ್ಲೇ ಕುಸಿದು ಕೂತ.

"ಸಂಗ್ಯಾ ಇಲ್ರಿ ಸಾಹೇಬ್ರ. ಎರಡ ವರ್ಷ ಆತು. ಲಾಂಚಿನ ಮಾಲಕ ಮರಾಠ್ಯಾಗ ಕಾಗದಾ ಹಾಕಿದ್ದ. ಬಾಗೇವಾಡ್ಯಾಗ ಓದಿಸಿದೆ. ಗಾಳಿಗೆ ಸಿಕ್ಕ ಲಾಂಚ ಮುಳಗೇತಿ, ಒಬ್ಬರ ಹೆಣಾನೂ ಸಿಕ್ಕಿಲ್ಲ ಅಂತಿತ್ತು."

"ಮತ್ತ ನಿಮ್ಮವ್ವಗ ಹೇಳಲಿಲ್ಲೇನು?"

"ಹೆಂಗ ಹೇಳ್ಲಿರಿ? ಅವ್ವ ಎದಿ ಒಡಕೊಂಡ ಸಾಯ್ತಿದ್ಲು. ಅವನ ಹೇಣ್ತಿಗೂ ಹೇಳಿಲ್ಲ. ತಿಂಗಳಿಗೊಂದ ಕಾರ್ಡ ನಾನ ಬರದ ಬಾಗೇವಾಡ್ಯಾಗ ಡಬ್ಬಿಗೆ ಹಾಕತಿದ್ದೆ. ಚಲೋ ಅದೇನಿ, ಅರಾಮ ಅದೇನಿ ಅಂತ..."

ನನ್ನ ಕೈ ನನ್ನ ಮಾತು ಕೇಳಲಿಲ್ಲ. ಅವನ ಕೆನ್ನೆಗೆ ಬಾರಿಸಿದೆ. "ಸತ್ತವನ ಹೆಸರಲೆ ಕಾಗದಾ ಬರದಿ! ಕಡೀಕ ತಾಯಿನ್ನ ಬೋಟ ಹತ್ತಿಸಿ ಕಳಸಿದಿ!"

ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

"ಹೊಡೀರಿ, ಇನ್ನಾ ಹೊಡೀರಿ. ಆದ್ರ ಆ ಕಾರ್ಡ ನಂದಲ್ರಿ. ನಾ ಆವಾಗ ಊರಾಗ ಇರಲಿಲ್ಲ. ತಂಗಡಗಿಗೆ ಬೀಗರ ಮನಿಗೆ ಹೋಗಿದ್ದೆ. ತಿರಗಿ ಬರೂದ್ರಾಗ ಅವ್ವ ಹೋಗಿದ್ಲು. ಬಸವಣ್ಣನ ಆಣಿ ಮಾಡ್ತೇನಿ, ಬೋಟ ಹತ್ತಿ ಬಾ ಅಂತ ನಾ ಬರದಿಲ್ಲ."

ಎರಡು ವರ್ಷ ಸುಳ್ಳು ಬರೆದವನ ಆಣೆ! ಜೇಬಿನಿಂದ ಪೆನ್ಸಿಲ್ ತೆಗೆದು, ಬಸ್ಸಿನ ಚೀಟಿಯ ಹಿಂಬದಿ ಅವನ ಮುಂದೆ ಹಿಡಿದೆ. "ಬರಿ. ಅವ್ವಾ, ಅಂಜಬ್ಯಾಡ ಅಂತ ಬರಿ."

ಅವನು ಬರೆದ. ಬರೆಯುತ್ತ ಅತ್ತ. ನಾನು ಎಷ್ಟೋ ಹೊತ್ತು ಆ ಅಕ್ಷರ ನೋಡಿದೆ. ಕಾರ್ಡಿನ ಅಕ್ಷರದ ಹಾಗೆಯೂ ಇತ್ತು... ಅಲ್ಲವೆಂಬಂತೆಯೂ ಇತ್ತು. ಅವನೇ ಬರೆದದ್ದೆಂದು ಇಟ್ಟುಕೊಳ್ಳೋಣ. ಹಾಗಾದರೆ ನಾವೆಯಲ್ಲಿ ಬಂದವನು ಯಾರು? ಅವನು ಬರೆದಿಲ್ಲವೆಂದರೆ... ಮುಂದಕ್ಕೆ ಯೋಚಿಸಲು ನನ್ನಿಂದ ಆಗಲಿಲ್ಲ.

"ಇವತ್ತ ಆ ಹೆಣ್ಣುಮಗಳಿಗೆ ಖರೇ ಹೇಳು," ಎಂದೆ. ಅವನು ತಲೆ ಅಲ್ಲಾಡಿಸಿದ. ಹೂಂ ಎಂದೋ, ಉಹೂಂ ಎಂದೋ ತಿಳಿಯಲಿಲ್ಲ.

ಬಸ್ಸು ನಿಲ್ಲುವ ಜಾಗಕ್ಕೆ ನಡೆಯುತ್ತಿದ್ದೆ. ಹಿಂದಿನಿಂದ ಬಳೆ ಸದ್ದು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಹುಡುಗಿ, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಅವಳೇ ಕಸ್ತೂರೆವ್ವ. ಓಡಿಬಂದು ಏದುಸಿರು ಬಿಡುತ್ತಿದ್ದಳು.

"ಅಣ್ಣಾರ... ಅತ್ತಿನ್ನ ಬೋಟ ಇಳಿಸಿದವ್ರು ನೀವ ಅಂತಲ್ರಿ? ಅರ್ಧಾ ಮಾತ ಕೇಳಿಸ್ತು. ಅವ್ರು... ಬಂದಿದ್ರೇನ್ರಿ ಕರಕೊಂಡ ಹೋಗಾಕ?"

ಅರ್ಧ ಮಾತಷ್ಟೇ ಕೇಳಿದ್ದಳು. ಉಳಿದರ್ಧ ನನ್ನ ಬಾಯಲ್ಲಿತ್ತು. ಆ ಕುಂಕುಮ ನೋಡಿದೆ.

"ಬಂದಿದ್ದ, ತಂಗಿ."

"ಹೆಂಗ ಅದಾರ್ರಿ? ಸೊರಗ್ಯಾರೇನ್ರಿ?"

"ಇಲ್ಲ. ಚಲೋ ಅದಾನ."

ಹೇಳಿಬಿಟ್ಟೆ. ಕೆನ್ನೆಗೆ ಹೊಡೆದ ಕೈ ಇನ್ನೂ ಚುರುಗುಟ್ಟುತ್ತಿರುವಾಗಲೇ ಅವನಿಗಿಂತ ದೊಡ್ಡ ಸುಳ್ಳು ಹೇಳಿದೆ. ಸುಳ್ಳೋ ಖರೆಯೋ ಅದೂ ನನಗೆ ಗೊತ್ತಿಲ್ಲ. ಅವಳ ಮುಖ ಅರಳಿತು. ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಮೆಲ್ಲಗೆ ಕೇಳಿದಳು:

"ನನ್ನೂ ಕರಸ್ಕೋತೇನಿ ಅಂದ್ರೇನ್ರಿ?"

ನಾನು ಅವಳತ್ತ ಒಂದು ಹೆಜ್ಜೆ ಇಟ್ಟೆ.

"ಕಾರ್ಡ ಬಂದ್ರ ಹರದ ಒಗಿ!" ಎಂದು ಒದರಿದೆ. "ಬೋಟ ಹತ್ತಬ್ಯಾಡ. ಯಾರ ಕರದ್ರೂ ಹೋಗಬ್ಯಾಡ, ತಿಳೀತಿಲ್ಲೋ?"

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಕಣ್ಣಿನಲ್ಲೂ ಸಿಟ್ಟು ಬಂತು. "ಗಂಡ ಕರದ್ರ ಹೋಗಬ್ಯಾಡ ಅನ್ನಾಕ ನೀವ್ಯಾರ್ರಿ?"

ಆಗಲಾದರೂ ಹೇಳಬೇಕಿತ್ತು. ಬಸ್ಸು ಬಂತು. ಹತ್ತಿಬಿಟ್ಟೆ.

ಎಷ್ಟೋ ರಾತ್ರಿ ನಾನು ಎದ್ದು ಕೂತು ಬೈದದ್ದುಂಟು. ಆಕಳಿಸಿದ ಆ ಸಾಹೇಬನನ್ನು, ಕಿಟಕಿ ಮುಚ್ಚಿದವನನ್ನು, ಮಲ್ಲಪ್ಪನನ್ನು. ಬೈದು ಬೈದು ಕೊನೆಗೆ ಉಳಿಯುವವನು ನಾನೇ.

ಮರುವರ್ಷ ಸಿಂದಗಿಯ ದವಾಖಾನೆಗೆ ಒಬ್ಬ ರೈತ ಕುಂಟುವ ಎತ್ತು ಹೊಡೆದುಕೊಂಡು ಬಂದ. ಎತ್ತನ್ನು ಸಂತೆಯಲ್ಲಿ ಕೊಂಡು ಊರಿಗೆ ಹೊರಟಿದ್ದನಂತೆ. ಯಾವೂರು ಎಂದೆ. "ಮಸೂತಿರಿ," ಎಂದ.

ಕಸ್ತೂರೆವ್ವ ಊರಲ್ಲಿ ಇದ್ದಾಳೇನು ಎಂದು ಕೇಳಬೇಕೆಂದು ಬಾಯಿ ತೆರೆದೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತ.

ಕೇಳಲಿಲ್ಲ. ಗೊರಸಿಗೆ ಔಷಧ ಹಚ್ಚಿ, ಬಟ್ಟೆ ಕಟ್ಟಿ, ಕಳಿಸಿಬಿಟ್ಟೆ.